ಬಾಗಿಲು ಅಂದರೆ ಮನೆಯ ಬಾಯಿ

ಅಜ್ಜಿ ಮನೆಯ ಮುಂಬಾಗಿಲು ತುಂಬಾ ಗಿಡ್ಡ. ಹೈಸ್ಕೂಲಿಗೆ ಬರುವಷ್ಟರಲ್ಲಿ ನಾನು ಅದಕ್ಕಿಂತ ಎತ್ತರ ಬೆಳೆದಿದ್ದೆ. ರಜೆಗೆ ಹೋದಾಗೆಲ್ಲ ಹಣೆ ಬಡಿಸಿಕೊಳ್ಳುತ್ತಿದ್ದೆ, ಅಜ್ಜಿ ಅರಿಶಿನ ಹಚ್ಚುತ್ತಾ "ಬಾಗಿ ಬರಬೇಕು ಮಗ, ಅದಕ್ಕೇ ಬಾಗಿಲು ಅನ್ನೋದು" ಅನ್ನುತ್ತಿದ್ದರು. ನಾನೂ ಎಷ್ಟೋ ವರ್ಷ ಅದನ್ನೇ ನಂಬಿದ್ದೆ.

ಆಮೇಲೆ ತಿಳಿದಿದ್ದು, ಆ ಪದದಲ್ಲಿ ಇರುವುದು ಬಾಗುವುದಲ್ಲ, ಬಾಯಿ. ತಮಿಳಿನಲ್ಲಿ ಬಾಗಿಲಿಗೆ ವಾಯಿಲ್, ತೆಲುಗಿನಲ್ಲಿ ವಾಕಿಲಿ, ತುಳುವಿನಲ್ಲಿ ಬಾಕಿಲ್. ತಮಿಳಿನಲ್ಲಿ ಪದದ ಮೊದಲಿಗೆ ವಕಾರ ಇರುವ ಕಡೆ ಕನ್ನಡದಲ್ಲಿ ಸಾಮಾನ್ಯವಾಗಿ ಬಕಾರ ಇರುತ್ತೆ: ಅವರ ವಾಳೆ ನಮ್ಮ ಬಾಳೆ, ವಿಲ್ ನಮ್ಮ ಬಿಲ್ಲು, ವೇರ್ ನಮ್ಮ ಬೇರು. ಹಾಗೇ ವಾಯ್ ನಮ್ಮ ಬಾಯಿ. ಕೊನೆಯ 'ಇಲ್' ಅಂದರೆ ಮನೆ, ತೆಲುಗಿನವರು ಈಗಲೂ ಮನೆಗೆ ಇಲ್ಲು ಅಂತಾರಲ್ಲ, ಅದೇ. ತಮಿಳು ವ್ಯಾಕರಣದವರು ಇದು ಮೊದಲು 'ಇಲ್‌ವಾಯ್', ಮನೆಯ ಬಾಯಿ, ತಿರುಗುಮುರುಗಾಗಿ 'ವಾಯಿಲ್' ಆಯಿತು ಅಂತ ಪಾಠ ಹೇಳುತ್ತಾರೆ. ನನಗೆ ಇದು ಎಷ್ಟು ಇಷ್ಟವಾಯಿತು ಅಂದರೆ ಎರಡು ದಿನ ಸಿಕ್ಕವರಿಗೆಲ್ಲ ಹೇಳಿದೆ. ಕೊಡಕ್ಕೆ ಬಾಯಿ, ಚೀಲಕ್ಕೆ ಬಾಯಿ, ಹುತ್ತಕ್ಕೆ ಬಾಯಿ ಅನ್ನುವ ಜನ ಮನೆಗೂ ಬಾಯಿ ಇಟ್ಟಿದ್ದಾರೆ!

ಅಂದರೆ ಬಾಗಿಲು ಮೂಲದಲ್ಲಿ ಮರದ ಹಲಗೆ ಅಲ್ಲ, ಆ ತೆರವು. ಹಲಗೆಗೆ ಕದ ಅನ್ನುವ ಬೇರೆ ಪದವೇ ಇದೆ. ಈಗ ಎರಡನ್ನೂ ಬಾಗಿಲು ಅಂದುಬಿಡುತ್ತೇವೆ, ಆದರೆ "ಬಾಗಿಲಲ್ಲಿ ನಿಲ್ಲಬೇಡ" ಅಂದಾಗ ಹಳೇ ಅರ್ಥವೇ ಬರುತ್ತೆ, ಹಲಗೆಯಲ್ಲಿ ಯಾರೂ ನಿಲ್ಲೋಕಾಗಲ್ಲ ಅಲ್ವಾ. ಶ್ರವಣಬೆಳಗೊಳದ ದೊಡ್ಡ ಬೆಟ್ಟ ಹತ್ತುವಾಗ ಸಿಗುವ ಅಖಂಡ ಬಾಗಿಲು ಒಂದೇ ಬಂಡೆಯಲ್ಲಿ ಕೊರೆದದ್ದು, ನೆತ್ತಿಯ ಮೇಲೆ ಗಜಲಕ್ಷ್ಮಿ. ಕೋಲಾರ ಜಿಲ್ಲೆಯ ಮುಳಬಾಗಿಲು ಮೂಡಲ ಬಾಗಿಲು, ನಾಡಿಗೆ ಪೂರ್ವದಿಂದ ಬರುವ ದಾರಿ, ಅನ್ನುತ್ತಾರೆ. ಇಡೀ ಊರೇ ಬಾಗಿಲು, ಅದಕ್ಕೆಲ್ಲಿಯ ಕದ?

ಹೋದ ತಿಂಗಳು ಊರಿಗೆ ಹೋಗಿದ್ದೆ. ಅಜ್ಜಿ ಈಗಿಲ್ಲ. ಕದ ಗೆದ್ದಲು ಹಿಡಿದು ಹಾಳಾಗಿತ್ತು ಅಂತ ಬಿಚ್ಚಿ ಹಿತ್ತಲಿನಲ್ಲಿ ಒರಗಿಸಿದ್ದರು. ಬಾಗಿಲುವಾಡ, ಹೊಸ್ತಿಲು ಮಾತ್ರ ಗಟ್ಟಿಯಾಗಿವೆ. ಚಿಕ್ಕಮ್ಮ ಬಾಗಿಲಲ್ಲೇ ಕೂತು ಸೊಪ್ಪು ಬಿಡಿಸುತ್ತಿದ್ದರು. ಪಕ್ಕಕ್ಕೆ ಸರಿದು ಜಾಗ ಕೊಟ್ಟರು, ನಾನು ಬಾಗಿ ಒಳಗೆ ಹೋದೆ.