ಫ್ರೀಜರ್‌ನಲ್ಲಿ ಮೂರು ರಾತ್ರಿಯ ಊಟ

ನಾಳೆ ಬೆಳಗ್ಗೆ ಕ್ಯಾಂಪಿಂಗ್‌ಗೆ ಹೊರಡಬೇಕು. ಈಗ ಫ್ರೀಜರ್ ತೆರೆದು ನೋಡಿದೆ. ಮೂರು ರಾತ್ರಿಯ ಊಟ ಪುಸ್ತಕಗಳ ಹಾಗೆ ಸಾಲಾಗಿ ನಿಂತಿದೆ. ಎಷ್ಟು ನೆಮ್ಮದಿ!

ಸೂಪು, ಬೇಯಿಸಿದ ಕಾಳು, ಕೋಳಿ ಸ್ಟ್ಯೂ. ಎಲ್ಲಾ ಬಿಸಿ ಆರಿಸಿ, ಜಿಪ್ ಚೀಲಕ್ಕೆ ಹಾಕಿ, ಚಪ್ಪಟೆಯಾಗಿ ಮಲಗಿಸಿ ಗಟ್ಟಿ ಮಾಡಿದ್ದು. ನೀರು ಹೆಪ್ಪುಗಟ್ಟುವಾಗ ಸುಮಾರು ಶೇ 9ರಷ್ಟು ಹಿಗ್ಗುತ್ತದೆ, ಹಾಗಾಗಿ ಚೀಲದಲ್ಲಿ ಸ್ವಲ್ಪ ಜಾಗ ಬಿಡಬೇಕು. ಆಲೂಗಡ್ಡೆ ಮಾತ್ರ ಹಾಕಲಿಲ್ಲ. ಕರಗಿದ ಮೇಲೆ ಅದು ತರಿತರಿಯಾಗಿ ನೀರು ಬಿಡುತ್ತದೆ, ನನಗಂತೂ ಇಷ್ಟವಿಲ್ಲ.

ಇವೇ ಚೀಲಗಳು ಐಸ್‌ಬಾಕ್ಸ್‌ನಲ್ಲಿ ಮಂಜುಗಡ್ಡೆಯ ಕೆಲಸವನ್ನೂ ಮಾಡುತ್ತವೆ. ಕೊನೆಯ ದಿನದ್ದು ತಳಕ್ಕೆ, ಮೊದಲ ದಿನದ್ದು ಮೇಲೆ. ಒಳಗೊಂದು ಪುಟ್ಟ ಥರ್ಮಾಮೀಟರ್ ಇಡುತ್ತೇನೆ, 4 ಡಿಗ್ರಿ ಸೆಲ್ಸಿಯಸ್ ದಾಟಬಾರದು. ಜ್ಯೂಸು, ನೀರಿಗೆ ಬೇರೆ ಬಾಕ್ಸ್. ಅದನ್ನು ಮಕ್ಕಳು ಜಾಸ್ತಿ ಸಲ ತೆರೆಯುತ್ತಾರೆ, ಅಲ್ವಾ.

ಹೋದ ಸಲ ಕತ್ತಲಲ್ಲಿ ಟಾರ್ಚ್ ಇಟ್ಟುಕೊಂಡು ಈರುಳ್ಳಿ ಹೆಚ್ಚುತ್ತಾ ಕೂತಿದ್ದೆ. ಉಳಿದವರೆಲ್ಲ ಬೆಂಕಿಯ ಸುತ್ತ ಇದ್ದರು. ಅವರ ನಗು ಮಾತ್ರ ನನಗೆ ಕೇಳಿಸುತ್ತಿತ್ತು. ಈ ಸಲ ಒಂದು ಪಾತ್ರೆ ಚೆನ್ನಾಗಿ ಕುದಿಸಿಬಿಟ್ಟರೆ ಆಯಿತು. ಆಮೇಲೆ ನಾನೂ ಅಲ್ಲೇ ಸುಮ್ನೆ ಕೂರುತ್ತೇನೆ.