ಬೆಳಗ್ಗೆ ಬೆರಳು ಬಿಗಿಯುವುದೇಕೆ? ಇಲಿಗಳ ರಕ್ತದಲ್ಲಿ ಕಂಡದ್ದು

"ಕಕ್ಕಡದ ಮಳೇಲಿ ಬೆಳಗ್ಗೆ ಎದ್ರೆ ಬೆರಳು ಮಡಚೋಕೇ ಆಗಲ್ಲ, ಹತ್ತು ಗಂಟೆಗೆ ಸಡಿಲ ಆಗುತ್ತೆ. ಚಳಿಗೆ ತಾನೇ?" ಮಡಿಕೇರಿ, ಸೋಮವಾರಪೇಟೆ ಕಡೆ ಪದೇ ಪದೇ ಕೇಳಿಬರುವ ಪ್ರಶ್ನೆ ಇದು. ಚಳಿಗೆ ನೋವು ಹೆಚ್ಚೆನಿಸಬಹುದು, ನಿಜ. ಆದರೆ ಮೈಯ ರಕ್ಷಣಾ ವ್ಯವಸ್ಥೆಯೇ ಕೀಲುಗಳ ಮೇಲೆ ಬೀಳುವ ರುಮಟಾಯ್ಡ್ ಸಂಧಿವಾತ ಇದ್ದವರಿಗೆ ಮಾರ್ಚ್ ಬಿಸಿಲಿನಲ್ಲೂ ಬೆಳಗಿನ ಬಿಗಿತ ತಪ್ಪದು. ಮೈಯೊಳಗಿನ ಗಡಿಯಾರಕ್ಕೂ ಇದಕ್ಕೂ ನಂಟಿದೆ.

ಪ್ರಯೋಗಾಲಯದ ಇಲಿಗಳಲ್ಲಿ ಆ ನಂಟು ಚೆನ್ನಾಗಿ ಕಾಣುತ್ತದೆ. ಇಲಿ ರಾತ್ರಿಯ ಪ್ರಾಣಿ. ಉರಿಯೂತ ಅದುಮುವ ನಮ್ಮ ಹಾರ್ಮೋನ್ ಕಾರ್ಟಿಸಾಲ್ ಬೆಳಗ್ಗೆ ಏರಿದರೆ, ಇಲಿಯಲ್ಲಿ ಅದೇ ಕೆಲಸ ಮಾಡುವ ಕಾರ್ಟಿಕೊಸ್ಟೆರೋನ್ ಏರುವುದು ಕತ್ತಲಾಗುವ ಹೊತ್ತಿಗೆ. ಇಲಿಗೆ ಸಂಧಿವಾತ ಬರಿಸಲು, ಕೊಂದ ಮೈಕೋಬ್ಯಾಕ್ಟೀರಿಯಾವನ್ನು (ಕ್ಷಯದ ಗುಂಪಿನ ರೋಗಾಣು) ಖನಿಜ ತೈಲದಲ್ಲಿ ಕಲಸಿ ಬಾಲದ ಬುಡಕ್ಕೆ ಚುಚ್ಚಿದರೆ, 10ರಿಂದ 14 ದಿನಗಳಲ್ಲಿ ಹಿಂಗಾಲಿನ ಕೀಲು ಊದುತ್ತದೆ. ಆಗ ಬೆಳಗ್ಗೆ ತಳದಲ್ಲಿರಬೇಕಾದ ಹಾರ್ಮೋನ್ ಮೇಲೆಯೇ ಉಳಿಯುತ್ತದೆ, ದಿನದ ಏರಿಳಿತ ಚಪ್ಪಟೆಯಾಗುತ್ತದೆ. ಸುಮಾರು ಗಂಟೆಗೊಂದರಂತೆ ಬರುವ ಹಾರ್ಮೋನಿನ ಮಿಡಿತಗಳ ಸಂಖ್ಯೆಯೂ ಹೆಚ್ಚುತ್ತದೆ. ಮೆದುಳಿನಲ್ಲಿ ಇದನ್ನು ನಡೆಸುವ ಹಾರ್ಮೋನ್ ಸಿಆರ್‌ಎಚ್ ತಗ್ಗಿ, ಮೆದುಳಿನ ಇನ್ನೊಂದು ಹಾರ್ಮೋನ್ ವ್ಯಾಸೊಪ್ರೆಸಿನ್ ಆ ಕೆಲಸಕ್ಕೆ ಮುಂದೆ ಬರುವುದು ಅಚ್ಚರಿಯ ಸಂಗತಿ.

ಇಷ್ಟು ಹಾರ್ಮೋನ್ ಇದ್ದೂ ಊತ ಇಳಿಯದಲ್ಲ, ಅದರಿಂದೇನು ಉಪಯೋಗ? ಈ ಹಾರ್ಮೋನ್ ಸುರಿಸುವ ಅಡ್ರಿನಲ್ ಗ್ರಂಥಿ ತೆಗೆದ ಇಲಿಗಳಲ್ಲಿ ಕಾಯಿಲೆ ವಿಪರೀತಕ್ಕೆ ಹೋಗುತ್ತದೆ. ಅಂದರೆ ಊತವನ್ನು ಅಷ್ಟರಲ್ಲೇ ತಡೆದು ಹಿಡಿದದ್ದು ಆ ಹಾರ್ಮೋನೇ.

ಅಳತೆಯಲ್ಲಿ ಎಡವುವುದು ಬಹಳ ಸುಲಭ. ಬೆಳಗ್ಗೆ ಒಮ್ಮೆ ಮಾತ್ರ ರಕ್ತ ತೆಗೆದರೆ "ಹಾರ್ಮೋನ್ ಏರಿದೆ" ಎಂದಷ್ಟೇ ಗೊತ್ತಾಗುತ್ತದೆ, ಲಯ ಕೆಟ್ಟದ್ದು ಕಾಣುವುದಿಲ್ಲ. 4 ಗಂಟೆಗೊಮ್ಮೆ, ದಿನಕ್ಕೆ ಆರು ಸಲ ಬೇಕು. 250 ಗ್ರಾಂ ಇಲಿಯಲ್ಲಿರುವುದೇ ಸುಮಾರು 16 ಮಿಲಿಲೀಟರ್ ರಕ್ತ; ಹಾಗಾಗಿ ಒಂದೊಂದು ಹೊತ್ತಿಗೆ ಬೇರೆ ಬೇರೆ ಇಲಿಗಳು, ಇಲ್ಲವೇ ತೀರಾ ಸಣ್ಣ ಹನಿಗಳು. ಪಂಜರ ಮುಟ್ಟಿದ 3 ನಿಮಿಷದೊಳಗೆ ರಕ್ತ ಸಿಗದಿದ್ದರೆ ಹೆದರಿಕೆಯ ಹಾರ್ಮೋನನ್ನೇ ಅಳೆದಂತೆ. ಕತ್ತಲ ಹೊತ್ತಿನಲ್ಲಿ ಬಿಳಿ ದೀಪ ಹಾಕಿದರೆ, ಮೈಗೆ ರಾತ್ರಿಯಾಯಿತೆಂದು ಹೇಳುವ ಹಾರ್ಮೋನ್ ಮೆಲಟೋನಿನ್ ಕುಸಿಯುತ್ತದೆ. ಮಂದ ಕೆಂಪು ದೀಪವೇ ಆಗಬೇಕು.

ಈಗ ನಮ್ಮ ಬೆರಳಿಗೆ ಬರೋಣ. ಸಂಧಿವಾತದವರಲ್ಲಿ ಉರಿಯೂತ ಹೆಚ್ಚಿಸುವ ಇಂಟರ್‌ಲ್ಯೂಕಿನ್-6 ಬೆಳಗಿನ ಜಾವ ತುಂಬ ಏರುತ್ತದೆ. ಅದನ್ನು ಅದುಮಲು ಕಾರ್ಟಿಸಾಲ್ ಸಾಲದು. ರಾತ್ರಿ 10ಕ್ಕೆ ನುಂಗಿದರೆ 2ರ ಸುಮಾರಿಗೆ ಬಿಚ್ಚಿಕೊಳ್ಳುವ ಪ್ರೆಡ್ನಿಸೋನ್ ಎಂಬ ಸ್ಟಿರಾಯ್ಡ್ ಮಾತ್ರೆ ಬೆಳಗಿನ ಬಿಗಿತ ಕಡಿಮೆ ಮಾಡಿದ್ದು 2008ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಕಂಡಿತು. ಸಾಮಾನ್ಯ ಸ್ಟಿರಾಯ್ಡ್ ಮಾತ್ರೆ ಹಾಗೆ ಕೆಲಸ ಮಾಡುವುದಿಲ್ಲ. ಹೊತ್ತು ಬದಲಿಸುವುದು, ತಟ್ಟನೆ ನಿಲ್ಲಿಸುವುದು ಎರಡೂ ನೀವಾಗಿ ಮಾಡಬೇಡಿ. ಅದರ ಬದಲು ಎದ್ದದ್ದು ಎಷ್ಟು ಗಂಟೆಗೆ, ಕಾಫಿ ಲೋಟ ಗಟ್ಟಿಯಾಗಿ ಹಿಡಿಯಲು ಬಂದದ್ದು ಎಷ್ಟು ಗಂಟೆಗೆ ಎಂದು ಒಂದು ವಾರ ಬರೆದಿಟ್ಟು ಡಾಕ್ಟರಿಗೆ ತೋರಿಸಿ.