ದೇವಿಮನೆ ಘಟ್ಟದಲ್ಲಿ ಕೇಬಲ್ ತುಂಡಾದರೆ

ಶಿರಸಿ, ಕುಮಟಾ, ಕಾರವಾರದಲ್ಲಿ ಶಾಖೆಯಿರುವ ಒಂದು ಅಡಿಕೆ ಸಹಕಾರಿ ಸಂಘ ಎಂದುಕೊಳ್ಳಿ. ಮೂರೂ ಕಡೆ ಅದೇ ಲೆಕ್ಕದ ಒಂದೊಂದು ಸರ್ವರ್. ಮಳೆಗಾಲದಲ್ಲಿ ದೇವಿಮನೆ ಘಟ್ಟದ ಮಣ್ಣು ಕುಸಿದು ಕೇಬಲ್ ತುಂಡಾದರೆ ಶಿರಸಿ ಒಂಟಿ. ಆಚೆಯ ಸರ್ವರ್‌ಗಳು ಕೆಟ್ಟವೋ, ನಡುವಿನ ದಾರಿ ಮುಚ್ಚಿತೋ, ಅದಕ್ಕೆ ತಿಳಿಯುವ ಉಪಾಯವಿಲ್ಲ. ಖಾತೆಯಲ್ಲಿರುವುದೇ 10,000 ರೂಪಾಯಿ. ಅಪ್ಪ ಶಿರಸಿಯಲ್ಲೂ ಮಗ ಕುಮಟಾದಲ್ಲೂ ಅದನ್ನೇ ತೆಗೆದರೆ?

ಕೊಂಡಿ ಕಡಿದಾಗ ಲೆಕ್ಕ ಒಂದೇ ಇರಬೇಕೋ, ಎಲ್ಲ ಕೌಂಟರೂ ತೆರೆದಿರಬೇಕೋ, ಒಂದನ್ನೇ ಆರಿಸಬೇಕು. ಕಂಪ್ಯೂಟರ್ ವಿಜ್ಞಾನಿ ಎರಿಕ್ ಬ್ರೂವರ್ 2000ದಲ್ಲಿ ಮುಂದಿಟ್ಟ ಈ ಮಾತನ್ನು ಗಿಲ್ಬರ್ಟ್ ಮತ್ತು ಲಿಂಚ್ 2002ರಲ್ಲಿ ಸಾಧಿಸಿ ತೋರಿಸಿದರು.

ಹಣಕ್ಕೆ ಬಹುಮತವೇ ಸರಿ. ಮೂರರಲ್ಲಿ ಎರಡು ಒಪ್ಪಿದರಷ್ಟೇ ಬರಹ ಖಾಯಂ. ಕುಮಟಾ, ಕಾರವಾರ ನಡೆಯುತ್ತವೆ, ಶಿರಸಿ ಕಾಯುತ್ತದೆ. ಅರ್ಧಕ್ಕಿಂತ ಹೆಚ್ಚು ನಿರ್ದೇಶಕರು ಕೂತರಷ್ಟೇ ಠರಾವು ಎಂಬ ಕಟ್ಟಳೆಯ ಬಲವೂ ಇದೇ: ಯಾವುದೇ ಎರಡು ಬಹುಮತಗಳಲ್ಲಿ ಒಬ್ಬರಾದರೂ ಇಬ್ಬದಿಗೂ ಸೇರಿರುತ್ತಾರೆ, ಹಿಂದಿನ ನಿರ್ಣಯ ಅವರಿಗೆ ಗೊತ್ತಿರುತ್ತದೆ. ನಾಲ್ಕನೇ ಸರ್ವರ್‌ಗೆ ದುಡ್ಡು ಸುರಿಯಬೇಡಿ. ಆಗ ಬಹುಮತಕ್ಕೆ ಮೂರು ಬೇಕು, ಕೆಡಬಹುದಾದ್ದು ಒಂದೇ. ಐದಿದ್ದರೆ ಎರಡು ಕೆಟ್ಟರೂ ಕೆಲಸ ಸಾಗುತ್ತದೆ.

ಅಡಿಕೆ ತೂಕದ ಚೀಟಿಗೆ ಇಷ್ಟು ಬಿಗಿ ಬೇಡ. ಶಾಖೆಯ ಗುರುತು, ಕ್ರಮಸಂಖ್ಯೆ ಹಾಕಿ ಬರೆದಿಡಿ, ಕೊಂಡಿ ಬಂದಮೇಲೆ ಕಳಿಸಿ. ಅದೇ ಚೀಟಿ ಎರಡು ಸಲ ಬಂದರೂ ಒಮ್ಮೆಯೇ ಲೆಕ್ಕಕ್ಕೆ. ಗಡಿಯಾರ ನೋಡಿ ಹಿಂದುಮುಂದು ತೀರ್ಮಾನಿಸಬೇಡಿ, ಎರಡು ಯಂತ್ರಗಳ ಸಮಯ ಪೂರ್ತಿ ಹೊಂದುವುದಿಲ್ಲ.